ಮೂರನೇ ಹಲಗೆ

ಹಸಿ ತಿನ್ನುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ನನ್ನ ಬಗ್ಗೆ ಇದನ್ನೇ ಮೊದಲು ಹೇಳುತ್ತಾರೆ. ನನ್ನ ಹೆಸರು ರುದ್ರಮುನಿ. ಮೂವತ್ತೊಂದು ವರ್ಷದಿಂದ ಬೆಣ್ಣೆ ದೋಸೆ ಹೋಟೆಲು ನಡೆಸುತ್ತಿದ್ದೇನೆ. ನನ್ನ ಹೆಂಚು ಬೆಳಗಿನ ಆರಕ್ಕೆ ಕಾದರೆ ಮಧ್ಯಾಹ್ನ ಎರಡರವರೆಗೆ ಆರುವುದಿಲ್ಲ. ಬೆಂಕಿ ಕಾಣದ್ದು ಊಟವಲ್ಲ, ಮೇವು ಅಂತ ಆ ಹೆಂಚಿನ ಮುಂದೆ ನಿಂತು ಸಾವಿರ ಸಲ ಹೇಳಿದ್ದೇನೆ. ಸಾವಿರ ಸಲ ಆಡಿದ ಮಾತು ಒಂದಲ್ಲ ಒಂದು ದಿನ ಆಡಿದವನ ಕೊರಳಿಗೇ ಬಂದು ಬೀಳುತ್ತದೆ.

ಊರಿನ ಪೂರ್ವಕ್ಕೆ ಒಂದು ಕಮರಿ ಇದೆ, ಅದರ ಮೇಲೆ ಹಗ್ಗದ ಸೇತುವೆ. ನಲವತ್ತು ದಿನ ಬೆಂಕಿ ಮುಟ್ಟಿದ್ದನ್ನು ಬಾಯಿಗಿಡದವರನ್ನು ಮಾತ್ರ ಅದು ದಾಟಿಸುತ್ತದೆ, ಅದೂ ಒಂದು ಸಲಕ್ಕೆ ಒಬ್ಬರನ್ನು. ಬೇರೆಯವರು ಕಾಲಿಟ್ಟರೆ ಮೊದಲನೇ ಹಲಗೆ ಸುಮ್ಮನಿರುತ್ತದೆ, ಎರಡನೆಯದು ಕಿರ್ ಅನ್ನುತ್ತದೆ, ಮೂರನೆಯದು ಮಗುಚಿಕೊಳ್ಳುತ್ತದೆ. ಅದರ ಕೆಳಗೆ ಆಳೆತ್ತರದಲ್ಲಿ ಅಗಲವಾದ ಒಂದು ಬಂಡೆ ಇದ್ದು, ಪುರಸಭೆಯವರು ಎರಡು ತಿಂಗಳಿಗೊಮ್ಮೆ ಅಲ್ಲಿ ಹೊಸ ಹುಲ್ಲು ಹಾಸಿಸುತ್ತಾರೆ. ಬಿದ್ದವರಿಗೆ ಪೆಟ್ಟಾಗುವುದಿಲ್ಲ, ಮರ್ಯಾದೆ ಮಾತ್ರ ಹೋಗುತ್ತದೆ.

ಕಮರಿಯ ಆಚೆಯೂರಿನಲ್ಲಿ ಒಲೆಗಳೇ ಇಲ್ಲ. ಅಲ್ಲಿಗೆ ಹೆಣ್ಣು ಕೊಟ್ಟವರು, ಅಲ್ಲಿಂದ ಜೇನು, ಕಿತ್ತಳೆ ತಂದು ಮಾರುವವರು, ಒಟ್ಟು ಇಪ್ಪತ್ತು ಮೂವತ್ತು ಮನೆಯವರು ನಮ್ಮೂರಿನಲ್ಲಿದ್ದುಕೊಂಡೇ ವರ್ಷವಿಡೀ ಹಸಿಯೂಟ ಮಾಡುತ್ತಾರೆ. ಮದುವೆ ಮನೆಗಳಲ್ಲಿ ಅವರಿಗೆ ಬೇರೆ ಪಂಕ್ತಿ. ಆಚೆಯೂರಿನಲ್ಲಿ ಯಾರಾದರೂ ತೀರಿಕೊಂಡರೆ ಈಚೆಯ ನೆಂಟರು ತಯಾರಾಗಿ ಬರಲಿ ಅಂತ ತಿಥಿಯನ್ನೇ ನಲವತ್ತೊಂದನೇ ದಿನಕ್ಕೆ ಇಟ್ಟುಕೊಂಡಿದ್ದಾರೆ. ನಾನು ಅಂಥ ಮನೆಗಳಿಗೆ ದೂರದಿಂದಲೇ ನಮಸ್ಕಾರ ಹಾಕಿಕೊಂಡಿದ್ದವನು.

ಆಚೆಯೂರಿನಿಂದ ವಾರಕ್ಕೆ ಮೂರು ಸಲ ಟಪಾಲು ಹೊತ್ತು ಬರುವ ತಿಪ್ಪೇಶಿ ಅನ್ನುವ ಹುಡುಗನನ್ನು ಮದುವೆಯಾಗುತ್ತೇನೆ ಅಂತ ನನ್ನ ಒಬ್ಬಳೇ ಮಗಳು ವನಜಾಕ್ಷಿ ಹೇಳಿದಾಗ ನಾನು ಹಿಟ್ಟಿನ ಪಾತ್ರೆಯನ್ನೇ ಎತ್ತಿ ಕುಕ್ಕಿದೆ. ಅವಳು ಜಗಳವಾಡಲಿಲ್ಲ. ನನ್ನದೇ ಮನೆಯಲ್ಲಿ, ನನ್ನದೇ ದೋಸೆಯ ಘಮದ ನಡುವೆ, ನಲವತ್ತು ದಿನ ಸೌತೆಕಾಯಿ, ಬಾಳೆಹಣ್ಣು ತಿಂದುಕೊಂಡಿದ್ದಳು. ನಲವತ್ತೊಂದನೇ ದಿನ ಚೀಲ ಹಿಡಿದು ಹೊರಟಳು. ಆ ಮೇವು ತಿನ್ನೋರ ಮನೆಗೆ ಈ ಜನ್ಮದಲ್ಲಿ ಕಾಲಿಡಲ್ಲ ಅಂತ ನಾನು ಬಾಗಿಲಲ್ಲಿ ನಿಂತು ಕೂಗಿದೆ.

“ನೀವು ಬಂದ ದಿನವೇ ನಾನೂ ಬರ್ತೀನಿ ಅಪ್ಪಾಜಿ,” ಅಂದಳು. “ಅಲ್ಲೀತನಕ ಇಲ್ಲ.”

ಮೂರು ವರ್ಷ ಹಾಗೇ ಹೋಯಿತು. ಯಾರ ಮಗಳು ಅವಳು? ಹಟ ನನ್ನದೇ.

ಆಮೇಲೆ ಒಂದು ಬೆಳಿಗ್ಗೆ ತಿಪ್ಪೇಶಿ ಹೋಟೆಲಿನ ಕಟ್ಟೆಯ ಮೇಲೆ ಎಳನೀರು ಹಿಡಿದು ಕೂತು, ನನ್ನ ಹೆಂಡತಿ ಹಾಲಮ್ಮನಿಗೆ ವನಾ ಐದು ತಿಂಗಳ ಬಸುರಿ ಅಂತ ಹೇಳಿದ. ನಾನು ಅವನ ಜೊತೆ ಮಾತಾಡುತ್ತಿರಲಿಲ್ಲವಾದ್ದರಿಂದ ನನಗೆ ಕೇಳಿಸಬೇಕಾದ್ದನ್ನು ಅವನು ಅವಳಿಗೇ ಗಟ್ಟಿಯಾಗಿ ಹೇಳುತ್ತಿದ್ದ. ಅವತ್ತು ಆಚೆಯೂರಿನ ಒಂದು ಪದ್ಧತಿಯನ್ನೂ ಹೇಳಿದ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲ ತೂಗು ತಾಯಿಯ ತಂದೆಯದು. ಅವನು ಬರದಿದ್ದರೆ ಬೇರೆ ಹಿರಿಯರು ತೂಗುತ್ತಾರೆ, ಆದರೆ ಯಾರು ತೂಗಿದರೋ ಅವರನ್ನೇ ಮಗು ಅಜ್ಜ ಅನ್ನಬೇಕು. ಉಳಿದವರನ್ನು ಹೆಸರು ಹಿಡಿದು ಕರೆಯುತ್ತದೆ. ತನ್ನ ದೊಡ್ಡಪ್ಪ ಕೊಟ್ರಯ್ಯ ತಯಾರಾಗಿದ್ದಾನೆ, ಯೋಚನೆಯಿಲ್ಲ ಅಂದ.

ನನ್ನ ಕೈಯಲ್ಲಿದ್ದ ದೋಸೆ ಸೀದಿತು. ಇಪ್ಪತ್ತೆಂಟು ವರ್ಷದಲ್ಲಿ ಸೀದ ಮೊದಲ ದೋಸೆ ಅದು. ನನ್ನ ಮಗಳ ಮಗು ಯಾರೋ ಕೊಟ್ರಯ್ಯನನ್ನು ಅಜ್ಜ ಅನ್ನುವುದು, ನನ್ನನ್ನು ‘ಹೋಟೆಲ್ ರುದ್ರಮುನಿ’ ಅನ್ನುವುದು! ಮಧ್ಯಾಹ್ನ ಬಾಗಿಲು ಹಾಕುವ ಹೊತ್ತಿಗೆ ನಾಳೆಯಿಂದ ಹಸಿಯೂಟ ಅಂತ ಸಾರಿಬಿಟ್ಟೆ.

ಮೊದಲ ಸಲ ಒಂಬತ್ತು ದಿನ ತಡೆದೆ. ಹಸಿ ಮೂಲಂಗಿಯನ್ನು ಔಷಧಿ ಹಾಗೆ ಕಣ್ಣು ಮುಚ್ಚಿ ನುಂಗಿದೆ, ನೆನೆಸಿದ ಶೇಂಗಾವನ್ನು ಶಾಪ ಹಾಕುತ್ತ ಅಗಿದೆ. ಹತ್ತನೇ ದಿನ ಕಾಫಿ ಸೋಸುವಾಗ ತಲೆನೋವು ತಡೆಯಲಾರದೆ ಒಂದು ಲೋಟ ಕುಡಿದೆ. ಕುಡಿದ ಮೇಲೆ ಎರಡು ದೋಸೆ ತಿಂದೆ. ಕೆಟ್ಟ ಮೇಲೆ ಪೂರ್ತಿ ಕೆಡಬೇಕು ಅನ್ನುವ ಸ್ವಭಾವ ನನ್ನದು.

ಎರಡನೇ ಸಲ ಹಲ್ಲು ಕಚ್ಚಿ ನಲವತ್ತು ದಿನ ಮುಗಿಸಿದೆ. ಬೆಲ್ಲ ಬಿಟ್ಟೆ, ಅವಲಕ್ಕಿ ಬಿಟ್ಟೆ, ಮಂಡಕ್ಕಿ ಬಿಟ್ಟೆ, ಮೊಸರೂ ಬಿಟ್ಟೆ; ಅವೆಲ್ಲ ಬೆಂಕಿ ಕಂಡವೇ. ಇಡೀ ಬೀದಿ ನನ್ನನ್ನು ಬೀಳ್ಕೊಡಲು ಬಂತು, ಬೀಳ್ಕೊಟ್ಟಿತು ಕೂಡ. ಮೂರನೇ ಹಲಗೆ ಮಗುಚಿ ಹಾರದ ಸಮೇತ ಹುಲ್ಲಿನ ಮೇಲೆ ಹೋಗಿ ಬಿದ್ದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ನನ್ನ ಮೀಸೆಯ ತುಂಬ ಹುಲ್ಲಿತ್ತು. ಏಣಿ ಹಾಕಿ ಹತ್ತಿಸುವಾಗ ಯಾರೋ ಕೇಳಿದರು, ಎಲೆ ಅಡಿಕೆ ಬಿಟ್ಟಿದ್ದೆಯೇನಪ್ಪ ಅಂತ. ಬಿಟ್ಟಿರಲಿಲ್ಲ. ಸುಣ್ಣವನ್ನು ಸುಡುತ್ತಾರೆ, ಅಡಿಕೆಯನ್ನು ಬೇಯಿಸುತ್ತಾರೆ. ದಿನಕ್ಕೆ ಆರು ಸಲ ಹಾಕಿಕೊಳ್ಳುವ ಬಾಯಿಗೆ ಇದು ಹೊಳೆದೇ ಇರಲಿಲ್ಲ. ಅವತ್ತು ನನಗಾದ ಅವಮಾನ ಹೇಳಲಾರೆ. ಮೇವು ಇರುವುದು ದನಕ್ಕೆ, ನನಗಲ್ಲ ಅಂದು ಎಲ್ಲ ಬಿಟ್ಟುಬಿಟ್ಟೆ.

ವನಾಗೆ ದಿನ ತುಂಬಿದಾಗ ಹಾಲಮ್ಮ ಒಂದು ಚೀಲ ತುಂಬಿಕೊಂಡು, ಬಾಣಂತನಕ್ಕೆ ಹೋಗಿ ಬರ್ತೀನ್ರೀ ಅಂದಳು. ನಾನು ನಕ್ಕೆ. ಪಾಪ, ಇವಳೂ ಬೀಳಲಿ ಅಂತ ಹಿಂದೆಯೇ ಹೋದೆ. ಅವಳು ಪಕ್ಕದ ಅಂಗಡಿಗೆ ಹೋಗುವವಳ ಹಾಗೆ ಸೆರಗು ಸಿಕ್ಕಿಸಿಕೊಂಡು ಸೇತುವೆಯ ಮೇಲೆ ನಡೆದು ಹೋದಳು. ಮೂರನೇ ಹಲಗೆ ಮಿಸುಕಲಿಲ್ಲ. ವನಾ ಬಸುರಿ ಅಂತ ತಿಳಿದ ದಿನದಿಂದ ಅವಳು ಬೆಂದದ್ದನ್ನು ಮುಟ್ಟಿರಲಿಲ್ಲವಂತೆ. ದಿನಾ ನನ್ನೆದುರೇ ಕೂತು ಉಣ್ಣುತ್ತಿದ್ದಳು. ಊರಿಗೆಲ್ಲ ಬಡಿಸಿದವನು ನಾನು, ಹೆಂಡತಿಯ ತಟ್ಟೆಯಲ್ಲಿ ಏನಿದೆ ಅಂತ ಒಂದು ದಿನ ನೋಡಿರಲಿಲ್ಲ. ಆ ಸೇತುವೆಯ ತುದಿಯಲ್ಲಿ ನಿಂತು ನನಗೆ ನಿಜವಾಗಿ ನಾಚಿಕೆಯಾಯಿತು.

ಹೆಣ್ಣು ಮಗು ಹುಟ್ಟಿತು. ಹಾಲಮ್ಮ ಒಂದೂವರೆ ತಿಂಗಳಿಗೆ ಹಿಂದಿರುಗಿ ಬಂದು, ಮೂಗು ನಿಮ್ಮದೇ, ಕೋಪ ಬಂದರೆ ಅದೂ ನಿಮ್ಮದೇ ಅಂದಳು. ತೊಟ್ಟಿಲ ಶಾಸ್ತ್ರ ಬರುವ ಹುಣ್ಣಿಮೆಯಲ್ಲ, ಅದರ ಮುಂದಿನದಕ್ಕೆ. ನಡುವೆ ನಲವತ್ಮೂರು ದಿನ ಇತ್ತು. ಅವತ್ತೇ ಎಲೆ ಅಡಿಕೆಯನ್ನೂ ಬಿಟ್ಟು ಮೂರನೇ ಸಲ ಶುರುಮಾಡಿದೆ.

“ಈ ಸಲ ನಲವತ್ತು ಅಂತ ಎಣಿಸ್ಬ್ಯಾಡ್ರಿ,” ಅಂದಳು. “ಮುಂದಿರೋ ತಟ್ಟೆ ಒಂದನ್ನೇ ನೋಡ್ರಿ. ಅದು ಮುಗೀತಾ, ಆಮೇಲೆ ಇನ್ನೊಂದು. ನಾನು ಹಂಗೇ ಮಾಡಿದ್ದು.”

ಎಣಿಸುವ ಕೆಲಸವನ್ನು ವನಾ ವಹಿಸಿಕೊಂಡಿದ್ದಳು. ಆಚೆಯ ದಂಡೆಯಲ್ಲಿ ಎರಡು ಗೂಟಕ್ಕೆ ಒಂದು ಹಗ್ಗ ಕಟ್ಟಿ, ನಾನು ಹಸಿಯೂಟದಲ್ಲಿ ಕಳೆದ ಒಂದೊಂದು ದಿನಕ್ಕೆ ಮಗುವಿನ ಒಂದೊಂದು ಬಟ್ಟೆ ತೂಗುಹಾಕುತ್ತಾಳೆ ಅಂತ ತಿಪ್ಪೇಶಿ ತಿಳಿಸಿದ. ಸಂಜೆ ಹೋಗಿ ನೋಡಿದೆ. ಕಮರಿ ಅಗಲ, ಕೂಗಿದರೆ ಕೇಳುವುದಿಲ್ಲ. ಆದರೆ ಹಗ್ಗದ ತುದಿಯಲ್ಲಿ ಹಳದಿ ಬಟ್ಟೆಯೊಂದು ಸಣ್ಣದಾಗಿ ಕಾಣುತ್ತಿತ್ತು. ನನ್ನ ಜೊತೆ ಮೂರು ವರ್ಷ ಮಾತು ಬಿಟ್ಟವಳು ಮಾತಾಡಿದ್ದು ಹೀಗೆ.

ಮೂರನೇ ದಿನ ಬೆಳಿಗ್ಗೆ ಸಾಂಬಾರು ಕುದಿಯುತ್ತಿತ್ತು. ಪಂಪಾಪತಿ ಮೇಷ್ಟ್ರು ಎಂದಿನಂತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಇವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಇಪ್ಪತ್ತೈದು ವರ್ಷದಿಂದ ದಿನಾ ನನ್ನ ಹೋಟೆಲಿನಲ್ಲೇ ತಿಂದು, ದಿನಾ ತಪ್ಪದೆ ಸಾಂಬಾರಿಗೆ ಉಪ್ಪು ಒಂದು ಹರಳು ಹೆಚ್ಚಾಯಿತು ಅಂತ ದೂರು ಹೇಳಿ ಹೋಗುವವರು. ಅಷ್ಟು ಹೆಚ್ಚಾಗಿದ್ದರೆ ಬೇರೆ ಕಡೆ ಹೋಗಿ ಅಂತ ನಾನೂ ದಿನಾ ಹೇಳುತ್ತಿದ್ದೆ. ಅವತ್ತು ಅವರು ದೂರು ಹೇಳಲಿಲ್ಲ. ಕನ್ನಡಕ ಸರಿಮಾಡಿಕೊಂಡು ನನ್ನ ಕೈಯನ್ನೇ ನೋಡುತ್ತಿದ್ದರು.

“ರುದ್ರಮುನಿ, ಈಗ ನೀನು ಏನು ಮಾಡಿದಿ ಗೊತ್ತಾತಾ?”

ಏನೂ ಮಾಡಲಿಲ್ಲವಲ್ಲ ಅಂದೆ. ಅಷ್ಟರಲ್ಲಿ ನಾಲಿಗೆಯ ಮೇಲೆ ಹುಣಸೆಯ ಹುಳಿ ತಿಳಿಯಿತು. ಅಡುಗೆಯವರಿಗೆಲ್ಲ ಇರುವ ಅಭ್ಯಾಸ ಅದು. ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಳ್ಳುವುದು, ನೆಕ್ಕಿ ನೋಡುವುದು. ಉಸಿರಾಡಿದ ಹಾಗೆ, ಮಾಡಿದ್ದು ಗೊತ್ತೇ ಆಗುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಬೇರೆಯವರು ಅಳುತ್ತಾರೆ. ನನಗೆ ಕೈಗೆ ಬಂದದ್ದೆಲ್ಲ ಬಾಯಿಗೆ ಬಂದೇ ಬರುತ್ತಿತ್ತು. ಆಗ ಗೊತ್ತಾಯಿತು, ಎರಡನೇ ಸಲ ನನ್ನನ್ನು ಬೀಳಿಸಿದ್ದು ಬರೀ ಸುಣ್ಣವಲ್ಲ. ಆ ನಲವತ್ತು ದಿನವೂ ಈ ಕೈ ನನಗೇ ಗೊತ್ತಿಲ್ಲದ ಹಾಗೆ ದಿನಾ ಮೂರು ಸಲ ಸಾಂಬಾರು ತಿನ್ನಿಸಿತ್ತು. ಮೇಷ್ಟ್ರು ಅವತ್ತು ಬಾಗಿಲಿಗೆ ಬರದಿದ್ದರೆ ಮೂರನೇ ಸಲವೂ ಹುಲ್ಲೇ ಗತಿಯಾಗುತ್ತಿತ್ತು.

ಸಂಜೆ ಹೋಗಿ ನೋಡಿದರೆ ಹಗ್ಗ ಖಾಲಿ. ತಿಪ್ಪೇಶಿ ಸುದ್ದಿ ಮುಟ್ಟಿಸಿದ್ದ. ವನಾ ಎರಡೂ ಬಟ್ಟೆಗಳನ್ನು ತೆಗೆದಿದ್ದಳು. ಉಳಿದದ್ದು ಸರಿಯಾಗಿ ನಲವತ್ತು ದಿನ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇನ್ನೊಂದು ತೊಟ್ಟು ಬಾಯಿಗೆ ಬಿದ್ದರೆ ಕೊಟ್ರಯ್ಯನೇ ಅಜ್ಜ.

ಮರುದಿನ ಹಾಲಮ್ಮ ಟ್ರಂಕಿನ ತಳದಿಂದ ಹಳೆಯ ಬಟ್ಟೆಯೊಂದನ್ನು ತೆಗೆದಳು. ವನಾ ಕೂಸಾಗಿದ್ದಾಗ ಸುತ್ತುತ್ತಿದ್ದ ಬಟ್ಟೆ, ಕೆಂಪು ಅಂಚಿನದು, ತೊಳೆದು ತೊಳೆದು ಮೆತ್ತಗಾಗಿತ್ತು. ಬೆರಳುಗಳನ್ನು ಬಿಟ್ಟು ನನ್ನ ಬಲ ಅಂಗೈಗೆ ಅದನ್ನು ಬಿಗಿಯಾಗಿ ಕಟ್ಟಿದಳು. ಸೌಟು ಹಿಡಿಯಬಹುದು, ತೊಟ್ಟು ನೆಕ್ಕಲಾಗದು. ಊಟದ ಹೊತ್ತಿಗೆ ಮಾತ್ರ ಅವಳೇ ಬಿಚ್ಚಿ, ಉಂಡ ಮೇಲೆ ಅವಳೇ ಕಟ್ಟುತ್ತಿದ್ದಳು. ಮಕ್ಕಳಿಗೆ ಬೆರಳು ಚೀಪುವುದನ್ನು ಬಿಡಿಸುವ ಹಾಗಾಯಿತು ನನ್ನ ಪಾಡು.

ಆದರೆ ರುಚಿ ನೋಡದೆ ಹೋಟೆಲು ನಡೆಯುವುದು ಹೇಗೆ? ಮೊದಲ ದಿನ ಉಪ್ಪು ಮರೆತೆ, ಎರಡನೇ ದಿನ ಎರಡು ಸಲ ಹಾಕಿದೆ. ಗಿರಾಕಿಗಳು ಮುಖ ಮುಖ ನೋಡಿಕೊಂಡು, ಪಾಪ ರುದ್ರಮುನಿ ಅಂತ ನೀರು ಕುಡಿದು ಎದ್ದು ಹೋದರು. ಆ ಪಾಪ ಅನ್ನುವುದನ್ನು ನನ್ನಿಂದ ತಡೆಯಲಾಗಲಿಲ್ಲ. ಮೂರನೇ ದಿನ ನಾನೇ ಪಂಪಾಪತಿ ಮೇಷ್ಟ್ರ ಮನೆಗೆ ಹೋದೆ. ಇಪ್ಪತ್ತೈದು ವರ್ಷ ಬೈದ ಮನುಷ್ಯನ ಮುಂದೆ ನಿಂತು, ನನ್ನ ನಾಲಿಗೆಯಾಗಿ ಅಂತ ಕೇಳಿದೆ. ಅವರು ಕೊಡೆ ತೆಗೆದುಕೊಂಡು ಹೊರಟರು.

ಅಂದಿನಿಂದ ದಿನಾ ಬೆಳಿಗ್ಗೆ ಆರಕ್ಕೆ ಮೇಷ್ಟ್ರು ಒಲೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ಬಟ್ಟಲಲ್ಲಿ ಸಾಂಬಾರು, ಚಟ್ನಿ, ಪಲ್ಯ. ಒಂದು ಹರಳು ಕಡಿಮೆ ಅನ್ನುವರು, ಹುಳಿ ಸಾಕು ಅನ್ನುವರು. ಅವರ ಮಾತಿನಂತೆ ಹಾಕಿದೆ, ಹೊಟ್ಟೆಯುರಿದುಕೊಂಡೇ ಹಾಕಿದೆ. ವಾರವಾಗುವುದರೊಳಗೆ ಗಿರಾಕಿಗಳು ಎರಡನೇ ಸಲ ಸಾಂಬಾರು ಕೇಳತೊಡಗಿದರು. ಮೇಷ್ಟ್ರು ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದೇ ಅವರ ದೊಡ್ಡತನ.

ನನ್ನ ತಟ್ಟೆಯ ಮುಂದೆ ಮಾತ್ರ ನಾನು ಇನ್ನೂ ಕೈದಿಯ ಹಾಗೆ ಕೂರುತ್ತಿದ್ದೆ. ಒಂದು ದಿನ ಇಡೀ ಮೂಲಂಗಿಯನ್ನು ಕಚ್ಚುತ್ತಿದ್ದಾಗ ಹಾಲಮ್ಮ, ಗಿರಾಕಿಗೆ ಹಿಂಗೇ ಕೊಡ್ತೀರೇನು ಅಂತ ಕೇಳಿದಳು. ಆ ಮಾತು ನಾಟಿತು. ನಿಜ, ಗಿರಾಕಿಗೆ ಹೀಗೆ ಕೊಟ್ಟರೆ ನನ್ನ ಕೈ ನಾನೇ ಕಡಿದುಕೊಳ್ಳುತ್ತಿದ್ದೆ. ಮರುದಿನ ಮೂಲಂಗಿಯನ್ನು ತೆಳ್ಳಗೆ ತುರಿದೆ. ಎಳೆ ಮೆಂತ್ಯ ಸೊಪ್ಪು, ಈರುಳ್ಳಿ ಸೊಪ್ಪು ಸಣ್ಣಗೆ ಹೆಚ್ಚಿದೆ. ಮೊಳಕೆ ಬಂದ ಹೆಸರುಕಾಳು, ಹಸಿ ಶೇಂಗಾ ಕುಟ್ಟಿದ್ದು, ನಿಂಬೆ ರಸ, ಒಂದು ಚಮಚ ಗಾಣದ ಎಣ್ಣೆ. ಬಿಸಿಲಲ್ಲಿ ಒಣಗಿದ ಕೆಂಪು ಮೆಣಸಿನಕಾಯಿಯನ್ನು ಬೆರಳಲ್ಲಿ ಮುರಿದು ಮೇಲೆ ಉದುರಿಸಿದೆ. ನಮ್ಮ ಕಡೆ ಪಚಡಿ ಅಂತ ತಟ್ಟೆಯ ಮೂಲೆಯಲ್ಲಿ ಒಂದು ಚೂರು ಬಡಿಸುತ್ತಾರಲ್ಲ, ಅದನ್ನೇ ತಟ್ಟೆಯ ನಡುವೆ ತಂದು ಕೂರಿಸಿದೆ. ತಿಂದೆ. ಎರಡನೇ ಸಲ ಹಾಕಿಸಿಕೊಂಡೆ. ಇಷ್ಟು ದಿನ ನನಗೆ ಬೇಸರ ತಂದದ್ದು ಹಸಿ ಅಲ್ಲ, ನನ್ನ ಸೋಮಾರಿತನ. ಅಡುಗೆ ಇರುವುದು ಬೆಂಕಿಯಲ್ಲಿ ಅಂದುಕೊಂಡಿದ್ದೆ, ಅರ್ಧ ಅಡುಗೆ ಕತ್ತಿಯಲ್ಲಿದೆ, ಇನ್ನರ್ಧ ಕೈಯಲ್ಲಿ. ಆಮೇಲೆ ದಿನಕ್ಕೊಂದು ಹೊಸದು ಮಾಡಿದೆ. ಹಸಿಯೂಟದ ಮನೆಗಳವರು ಮೊದಲ ಸಲ ನನ್ನ ಹೋಟೆಲಿನ ಮೆಟ್ಟಿಲು ಹತ್ತಿದರು, ಅವರಿಗೆ ಅಂತಲೇ ಕಿಟಕಿ ಪಕ್ಕದ ಮೇಜು ಬಿಟ್ಟೆ.

ಎಲ್ಲ ಸಲೀಸಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಇಪ್ಪತ್ತೇಳನೇ ದಿನ ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಹೆಂಚಿನ ಮೇಲೆ ಕೊನೆಯ ದೋಸೆಯೊಂದು ಉಳಿದಿತ್ತು. ಹಾಲಮ್ಮ ಸಂತೆಗೆ ಹೋಗಿದ್ದಳು. ಕೆಂಪಗೆ ಗರಿಯಾಗಿ, ಅಂಚಿನಲ್ಲಿ ಬೆಣ್ಣೆ ನೊರೆಯುತ್ತ ಅದು ಸುಮ್ಮನೆ ಮಲಗಿತ್ತು. ಆ ಘಮಕ್ಕೆ ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ. ಅಜ್ಜ ಅನ್ನುವುದು ಒಂದು ಮಾತು ತಾನೇ, ಮಗು ಏನಂತ ಕರೆದರೇನು, ಕೊಟ್ರಯ್ಯನೂ ಒಳ್ಳೆಯವನೇ ಇರಬೇಕು ಅಂತ ಮನಸ್ಸು ಒಂದೊಂದೇ ಮೆಟ್ಟಿಲು ಇಳಿಯಿತು. ಬಟ್ಟೆ ಕಟ್ಟಿದ ಕೈಯಲ್ಲೇ ಒಂದು ತುಂಡು ಮುರಿದೆ.

ಆಗ ಮರೆತ ಕೊಡೆ ಹುಡುಕಿಕೊಂಡು ಮೇಷ್ಟ್ರು ಒಳಗೆ ಬಂದರು. ನನ್ನನ್ನು ನೋಡಿದರು, ತುಂಡನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಅವರು ಸ್ಟೂಲು ಎಳೆದು ಕೂತು, ನನ್ನ ಬೆರಳಿನಿಂದ ತುಂಡು ತೆಗೆದುಕೊಂಡು ತಮ್ಮ ಬಾಯಿಗೆ ಹಾಕಿಕೊಂಡರು. ಆಮೇಲೆ ಇಡೀ ದೋಸೆಯನ್ನು ನನ್ನೆದುರೇ ನಿಧಾನವಾಗಿ ತಿಂದು ಮುಗಿಸಿದರು. ಬೆಳಿಗ್ಗೆ ಎರಡು ತಿಂದಿದ್ದ ಎಪ್ಪತ್ತರ ಮುದುಕ; ಗಂಟಲಲ್ಲಿ ಇಳಿಯದಿದ್ದರೂ ಬಿಡಲಿಲ್ಲ.

“ಮೂವತ್ತು ವರ್ಷ ಮಕ್ಕಳಿಗೆ ಚಿತ್ರ ಕಲಿಸೀನಿ,” ಅಂದರು ಕೈ ತೊಳೆಯುತ್ತ. “ಅರ್ಧ ಆದ ಮ್ಯಾಲೆ ಬ್ಯಾಸರ ಬಂದೇ ಬರ್ತೈತೆ. ಆಗ ಹಾಳೆ ಹರಿದವರೇ ಜಾಸ್ತಿ. ಹರೀದೆ ಕುಂತವರು ಚಿತ್ರ ಮುಗಿಸ್ತಾರ. ಅದಕ್ಕೆ ಬೇರೆ ಜಾಣತನ ಏನೂ ಬೇಕಿಲ್ಲಪ್ಪ.”

ಇಬ್ಬರೂ ಕಮರಿಯ ದಂಡೆಗೆ ಹೋದೆವು. ಇಪ್ಪತ್ತಾರು ಬಟ್ಟೆಗಳು ಗಾಳಿಗೆ ಹಾರಾಡುತ್ತಿದ್ದವು. ನಾವು ನೋಡುತ್ತಿದ್ದಂತೆಯೇ ಹಸಿರು ಸೀರೆಯ ಒಂದು ಚುಕ್ಕೆ ಬಂದು ಇಪ್ಪತ್ತೇಳನೆಯದನ್ನು ಹಾಕಿತು. ಅದೊಂದು ಕುಲಾವಿ. ಅವಳಿಗೆ ನಾನು ಕಂಡೆನೋ ಇಲ್ಲವೋ, ಹಗ್ಗದ ಪಕ್ಕ ಸ್ವಲ್ಪ ಹೊತ್ತು ನಿಂತೇ ಇದ್ದಳು. ಆ ತುಂಡು ದೋಸೆ ತಿಂದಿದ್ದರೆ ಅವಳು ಒಂದೊಂದಾಗಿ ಇಪ್ಪತ್ತಾರನ್ನೂ ತೆಗೆಯಬೇಕಾಗಿತ್ತು.

ಉಳಿದ ದಿನಗಳನ್ನು ಹಾಲಮ್ಮ ಹೇಳಿದ ಹಾಗೆ ತಟ್ಟೆ ತಟ್ಟೆಯಾಗಿ ಕಳೆದೆ. ಹಗ್ಗ ತುಂಬಿತು. ತೊಟ್ಟಿಲ ದಿನ ಬೆಳಗಿನ ಜಾವಕ್ಕೆ ಎದ್ದು ಒಂದು ದೊಡ್ಡ ಪಾತ್ರೆ ಪಚಡಿ ಮಾಡಿದೆ. ಮೇಷ್ಟ್ರು ರುಚಿ ನೋಡಿ, ಉಪ್ಪು ಒಂದು ಹರಳು ಹೆಚ್ಚಾಯಿತು ಅಂದರು. ಇವತ್ತಾದರೂ ಸುಮ್ಮನಿರಿ ಮೇಷ್ಟ್ರೇ ಅಂದೆ, ಪಾತ್ರೆಗೆ ಬಟ್ಟೆ ಬಿಗಿದೆ.

ಬೀದಿಯ ಜನವೆಲ್ಲ ಮತ್ತೆ ಬಂದರು. ಈ ಸಲ ಹಾರ ತರಲಿಲ್ಲ. ಒಬ್ಬ ಏಣಿ ತಂದಿದ್ದ, ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ. ಹಾಲಮ್ಮ ಮೊದಲು ದಾಟಿ ಮಂಜಿನಲ್ಲಿ ಮರೆಯಾದಳು. ಬೆಳಗಿನ ಹೊತ್ತು ಕಮರಿಯ ತುಂಬ ಮಂಜು, ಸೇತುವೆಯ ಆಚೆಯ ಅರ್ಧ ಕಾಣುತ್ತಲೇ ಇರಲಿಲ್ಲ. ನಾನು ಪಾತ್ರೆಯನ್ನು ತಲೆಯ ಮೇಲಿಟ್ಟುಕೊಂಡೆ. ಮೊದಲನೇ ಹಲಗೆ ಸುಮ್ಮನಿತ್ತು. ಎರಡನೆಯದಕ್ಕೆ ಕಾಲಿಟ್ಟೆ, ಅದೂ ಸುಮ್ಮನಿತ್ತು. ಮೂರನೆಯದರ ಮುಂದೆ ನನ್ನ ಕಾಲು ಮೇಲೇಳಲಿಲ್ಲ. ಹಿಂದೆ ಒಂದು ಬೀದಿಯ ಜನ ಉಸಿರು ಬಿಗಿಹಿಡಿದಿದ್ದರು. ಬಿದ್ದರೆ ಇನ್ನೊಂದು ಸಲ ಅನ್ನುವುದು ಇರಲಿಲ್ಲ. ಮುಂದಿರುವ ತಟ್ಟೆ ಒಂದನ್ನೇ ನೋಡು ಅಂದುಕೊಂಡು ಕಾಲಿಟ್ಟೆ.

ಹಲಗೆ ನಿಂತಿತು. ನೆಲ ನಿಂತ ಹಾಗೆ ನಿಂತಿತು. ಅದರ ಮೇಲೆ ಎರಡೂ ಕಾಲಿಟ್ಟು, ನಂಬಿಕೆ ಸಾಲದೆ ಒಂದು ಸಲ ಕುಣಿದೂ ನೋಡಿದೆ. ಪಾತ್ರೆ ಬೀಳ್ತೈತೋ ಮಾರಾಯ ಅಂತ ಹಿಂದಿನಿಂದ ಮೇಷ್ಟ್ರು ಬೈದರು. ಅದಾದ ಮೇಲೆ ಎಷ್ಟು ಹಲಗೆ ದಾಟಿದೆನೋ ಎಣಿಸಲಿಲ್ಲ. ಮಂಜಿನೊಳಗೆ ನಡೆದೆ, ನಗುತ್ತ ನಡೆದೆ, ಮೈ ಹತ್ತು ವರ್ಷ ಚಿಕ್ಕದಾಗಿತ್ತು.

ಮಂಜು ಹರಿದ ಕಡೆ ವನಾ ನಿಂತಿದ್ದಳು. ಸ್ವಲ್ಪ ದುಂಡಗಾಗಿದ್ದಳು. ಏನು ಹೇಳಬೇಕು ಅಂತ ಮೂರು ವರ್ಷದಿಂದ ಕಲಿತಿಟ್ಟುಕೊಂಡ ಮಾತೆಲ್ಲ ಮರೆತುಹೋಯಿತು. ಅವಳು ನನ್ನ ಮುಖ ನೋಡಲಿಲ್ಲ, ಪಾದ ನೋಡಿದಳು.

“ಕಾಲಿಟ್ರಲ್ಲ ಅಪ್ಪಾಜಿ,” ಅಂದಳು.

“ಇಟ್ಟೆ ಕಣವ್ವ,” ಅಂದೆ. “ತಪ್ಪಾತು. ಮೊದಲೇ ಇಡಬೇಕಿತ್ತು.”

ಅವಳು ಅತ್ತಳು, ನಾನೂ ಅತ್ತೆ. ಹಾಲಮ್ಮ ಮಾತ್ರ ಪಾತ್ರೆಯನ್ನು ಭದ್ರವಾಗಿ ಇಳಿಸಿಕೊಂಡಳು. ಆಮೇಲೆ ವನಾಳ ಕಣ್ಣು ನನ್ನ ಬಲಗೈ ಮೇಲೆ ಬಿತ್ತು. ಕೆಂಪು ಅಂಚನ್ನು ಬೆರಳಿಂದ ಸವರಿ, ಇದು ನನ್ನದಲ್ಲವೇನಮ್ಮ ಅಂತ ತಾಯಿಯನ್ನು ಕೇಳಿದಳು. ಸಾಂಬಾರಿನ ಕಲೆ ಹತ್ತಿದ ಆ ಬಟ್ಟೆಯನ್ನು ಗಂಟು ಬಿಚ್ಚಿ ತೆಗೆದು, ಹಗ್ಗದ ಮೇಲೆ ನಲವತ್ತೊಂದನೆಯದಾಗಿ ಹಾಕಿದಳು. ಅಷ್ಟು ಹೊತ್ತಿಗೆ ಮಂಜು ತೆಳುವಾಗಿತ್ತು. ಕಮರಿಯ ಈಚೆಗೆ ನಮ್ಮ ಬೀದಿಯ ಜನ ಇರುವೆ ಸಾಲಿನಷ್ಟು ಕಾಣಿಸುತ್ತಿದ್ದರು. ಕೂಗಿದ್ದು ಕೇಳಲಿಲ್ಲ, ಕುಣಿದದ್ದು ಕಂಡಿತು. ಪಕ್ಕದಲ್ಲಿ ಒಂದು ಕಪ್ಪು ಕೊಡೆ ಬಿಚ್ಚಿಕೊಂಡು, ಮುಚ್ಚಿಕೊಂಡು, ಮತ್ತೆ ಬಿಚ್ಚಿಕೊಂಡಿತು.

ತೊಟ್ಟಿಲ ಪಕ್ಕ ಕೊಟ್ರಯ್ಯ ನಿಂತಿದ್ದ. ಹಲ್ಲಿಲ್ಲದ ಒಳ್ಳೆಯ ಮುದುಕ. ತೂಗುವ ಹಗ್ಗವನ್ನು ನನ್ನ ಕೈಗೆ ಕೊಟ್ಟು, ತಗೋರಿ, ನಿಮ್ಮ ಸಾಮಾನು ನಿಮಗೆ ಅಂದ. ನಾನು ಬರಿಯ ಅಂಗೈಯಲ್ಲಿ ಹಗ್ಗ ಹಿಡಿದೆ. ಒಳಗೆ ನನ್ನದೇ ಮೂಗು ಹೊತ್ತ ಒಂದು ಕೂಸು ಮುಷ್ಟಿ ಬಿಗಿದು ಕೋಪದಿಂದ ಸೂರು ನೋಡುತ್ತಿತ್ತು. ಮೊದಲ ತೂಗು ತೂಗಿದೆ. ಊರವರೆಲ್ಲ ಹೊನ್ನಿ ಅಂತ ಹೆಸರು ಕೂಗಿದರು. ನನ್ನ ಜೀವನದಲ್ಲಿ ಎಷ್ಟೋ ಸಾವಿರ ಜನರ ಹೊಟ್ಟೆ ತುಂಬಿಸಿದ್ದೇನೆ, ನನ್ನದು ತುಂಬಿದ್ದು ಅವತ್ತು.

ಊಟಕ್ಕೆ ಪಚಡಿ ಬಡಿಸುವ ಮುಂಚೆ ಅಂಗೈಗೆ ಒಂದು ತೊಟ್ಟು ರಸ ಬಿಟ್ಟುಕೊಂಡು ನೆಕ್ಕಿದೆ. ಅದಕ್ಕೀಗ ಯಾರ ಅಡ್ಡಿಯೂ ಇರಲಿಲ್ಲ. ನಲವತ್ತು ದಿನದಲ್ಲಿ ತೊಳೆದಿಟ್ಟಂತಾಗಿದ್ದ ನಾಲಿಗೆಗೆ ಸ್ಪಷ್ಟವಾಗಿ ತಿಳಿಯಿತು: ಉಪ್ಪು ಒಂದು ಹರಳು ಹೆಚ್ಚಾಗಿತ್ತು. ಇಪ್ಪತ್ತೈದು ವರ್ಷ! ಆಚೆಯೂರಿನವರು ಎಲೆ ಬಳಿದು ತಿಂದು, ಮತ್ತೆ ಯಾವಾಗ ಬರ್ತೀರಿ ಅಂತ ಕೇಳಿದರು ನಿಜ. ಆದರೆ ಹಿಂದಿರುಗಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಮೇಷ್ಟ್ರ ಕಾಲಿಗೆ ಬಿದ್ದದ್ದು. ವನಾ ಕೂಡ ಮಾತಿಗೆ ತಪ್ಪಲಿಲ್ಲ. ಅದೇ ಸಂಜೆ ನನ್ನ ಹಿಂದೆಯೇ ದಾಟಿ ಬಂದು, ಹೊಸ್ತಿಲು ತುಳಿದು, ಒಂದು ಲೋಟ ನೀರು ಕುಡಿದು, ಕೂಸು ಅಳುತ್ತದೆ ಅಂತ ಓಡಿದಳು.

ಅವತ್ತಿನಿಂದ ನಾನು ಬೆಂದದ್ದನ್ನು ಮುಟ್ಟಿಲ್ಲ. ದೋಸೆ ಹುಯ್ಯುತ್ತೇನೆ, ತಿನ್ನುವುದಿಲ್ಲ. ಪ್ರತಿ ಸೋಮವಾರ ಹೋಟೆಲಿಗೆ ರಜ, ಬಾಗಿಲಿಗೆ ಬೀಗ ಹಾಕಿ ಸೇತುವೆ ದಾಟುತ್ತೇನೆ. ಮನಸ್ಸು ಗಟ್ಟಿ ಇರುವುದು ಹೇಗೆ ಅಂತ ಕೇಳುವವರಿಗೆ, ಕಮರಿಯ ಆಚೆ ಒಂದು ತೊಟ್ಟಿಲು ಇಟ್ಟುಕೊಳ್ಳಿ ಅನ್ನುತ್ತೇನೆ.

ಇನ್ನೊಬ್ಬರನ್ನು ಎತ್ತಿಕೊಂಡವರನ್ನು ಸೇತುವೆ ದಾಟಿಸುವುದಿಲ್ಲ, ಮಗುವಾದರೂ ತನ್ನ ಕಾಲ ಮೇಲೆ ತಾನೇ ಬರಬೇಕು. ಹಾಗಾಗಿ ಹೊನ್ನಿ ಮೂರು ವರ್ಷದವಳಾಗಿ ಮೊನ್ನೆ ಮೊದಲ ಸಲ ನಮ್ಮೂರಿಗೆ ಬಂದಳು. ಒಂದೇ ದಿನಕ್ಕೆ ಅಂತ ವನಾ ಮೊದಲೇ ಹೇಳಿದ್ದಳು, ಮರುದಿನ ಬೆಳಿಗ್ಗೆಯೇ ಹೊರಡಬೇಕು, ತಿಪ್ಪೇಶಿ ಕಾಯುತ್ತಾನೆ. ಹೊನ್ನಿ ಸ್ಟೂಲಿನ ಮೇಲೆ ನನ್ನ ಪಕ್ಕ ನಿಂತು ಸಾಂಬಾರಿನ ಪಾತ್ರೆ ಬಗ್ಗಿ ನೋಡುತ್ತಿದ್ದಳು. ಆಚೆಯೂರಿನಲ್ಲಿ ಪ್ರತಿ ಸೋಮವಾರ ನಾನು ಪಚಡಿಯ ರಸ ರುಚಿ ನೋಡುವುದನ್ನು ಕಂಡವಳು. ನಾನು ಆರಿದ ಸಾಂಬಾರನ್ನು ಮೇಷ್ಟ್ರ ಬಟ್ಟಲಿಗೆ ಹಾಕುವಾಗ ಅವಳು ಪುಟ್ಟ ಬಲಗೈ ಚಾಚಿದಳು. ಸೌಟು ಯಾಕೆ ವಾಲಿತು ಅಂತ ನನ್ನನ್ನು ಕೇಳಬೇಡಿ. ಒಂದು ತೊಟ್ಟು ಅವಳ ಅಂಗೈಗೆ ಬಿತ್ತು, ನಾವ್ಯಾರೂ ಬಾಯಿ ತೆರೆಯುವುದರೊಳಗೆ ನೆಕ್ಕಿದಳು.

ವನಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಮಗಳು ಇನ್ನು ನಲವತ್ತು ದಿನ ಸೇತುವೆ ದಾಟುವ ಹಾಗಿಲ್ಲ, ಮಗಳನ್ನು ಬಿಟ್ಟು ತಾಯಿ ಹೋಗುವ ಹಾಗಿಲ್ಲ. ಅಪ್ಪಾಜಿ ಅಂತ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು, ನೋಡುತ್ತ ನೋಡುತ್ತ ನಕ್ಕುಬಿಟ್ಟಳು. ಹಾಲಮ್ಮ ಆಗಲೇ ಹಾಸಿಗೆ ಬಿಸಿಲಿಗೆ ಹಾಕಲು ಮಹಡಿ ಹತ್ತಿದ್ದಳು. ಮೇಷ್ಟ್ರು ಬಟ್ಟಲು ಕೆಳಗಿಟ್ಟು, ಉಪ್ಪು ಹೆಂಗೈತವ್ವ ಅಂತ ಹೊನ್ನಿಯನ್ನು ಕೇಳಿದರು.

ಅವಳು ನಾಲಿಗೆ ಚಪ್ಪರಿಸಿ, ಸ್ವಲ್ಪ ಯೋಚನೆ ಮಾಡಿ, ಮತ್ತೆ ಅಂಗೈ ಚಾಚಿದಳು.

“ಅಜ್ಜ, ಇನ್ನೊಂದು ತೊಟ್ಟು.”